ಗೆರೆ ಅಕ್ಕನ ಔಷಧಿ ಕಿಟಕಿ

ನಮ್ಮ ಮಕ್ಕಳ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿ ಮೆಟ್ಟಿಲ ಪಕ್ಕದಲ್ಲಿದೆ. ಕಿಟಕಿಗೆ ಕಬ್ಬಿಣದ ಸರಳು, ಸರಳಿನ ಕೆಳಗೆ ಒಂದು ಕೈ ತೂರುವಷ್ಟು ಕಂಡಿ. ಆ ಕಂಡಿಯಿಂದ ಹನ್ನೊಂದು ವರ್ಷ ಔಷಧಿ ದಾಟಿಸಿದ ಕೈಯನ್ನು ಸಾವಿರಾರು ತಾಯಂದಿರು ನೋಡಿದ್ದರು. ಆ ಕೈಯ ಒಡತಿಯ ದನಿ ಕೇಳಿದವರು ಮಾತ್ರ ಬೆರಳೆಣಿಕೆಯಷ್ಟು ಜನ. ಈಗ ಎಲ್ಲರ ಬಾಯಲ್ಲೂ ಆಕೆ ‘ಗೆರೆ ಅಕ್ಕ’. ಆಗ ‘ಕಿಟಕಿಯ ಮೂಕಿ’ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರೂ ಇದ್ದರು.

ಅಕ್ಕ ಮೂಕಿಯಲ್ಲ. ಅವಳಿಗೆ ಉಗ್ಗು. ಚಿಕ್ಕಂದಿನಲ್ಲಿ ತರಗತಿಯಲ್ಲಿ ಒಬ್ಬೊಬ್ಬರೇ ಎದ್ದುನಿಂತು ಪಾಠ ಓದುವಾಗ ಇವಳ ಸರದಿ ಬಂದರೆ ಮಾಸ್ತರು “ನೀನು ಇರಲಿ, ಮುಂದಿನವಳು” ಎನ್ನುತ್ತಿದ್ದರಂತೆ. ಕರುಣೆಯಿಂದಲೇ ಹೇಳುತ್ತಿದ್ದರು, ಆದರೆ ಆ ಕರುಣೆ ಅವಳ ಗಂಟಲಿಗೆ ಇನ್ನೊಂದು ಬೀಗ ಹಾಕಿತು. ಔಷಧಿಶಾಸ್ತ್ರ ಓದಿದ್ದೂ ಅದಕ್ಕೇ. ಅಳತೆಯ ಗಾಜಿನ ಮುಂದೆ ನಿಂತು ಮಾತಾಡಬೇಕಿಲ್ಲ, ಕಣ್ಣು ನೆಟ್ಟಗಿದ್ದರೆ ಸಾಕು. ಮದುವೆಯ ಮಾತು ಬಂದಾಗ ಬಸ್ಸು ಓಡಿಸುವ ಹುಡುಗನೊಬ್ಬ ಬಂದು ನೋಡಿ, “ದಿನವಿಡೀ ಕಂಡಕ್ಟರ್ ಸೀಟಿ, ಜನರ ಜಗಳ ಕೇಳಿ ಕೇಳಿ ಕಿವಿ ತೂತಾಗಿದೆ. ಮನೇಲಿ ಒಬ್ಬರಾದ್ರೂ ನಿಧಾನಕ್ಕೆ ಮಾತಾಡೋರು ಇರಲಿ” ಎಂದು ಒಪ್ಪಿಕೊಂಡ. ಇಬ್ಬರು ಹೆಣ್ಣುಮಕ್ಕಳಾದರು. ಅವರಿಬ್ಬರ ಜೊತೆ ಅಕ್ಕ ಎಷ್ಟು ಬೇಕಾದರೂ ಮಾತಾಡುತ್ತಿದ್ದಳು. ಉಗ್ಗುತ್ತಲೇ ಬೈಯುತ್ತಿದ್ದಳು, ಉಗ್ಗುತ್ತಲೇ ಕಥೆ ಹೇಳುತ್ತಿದ್ದಳು.

ಕಿಟಕಿಯಲ್ಲಿ ಮಾತ್ರ ಬಾಯಿಗೆ ಬೀಗ. ಅದಕ್ಕೂ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ “ಬಾಟಲಿ ಅಲ್ಲಾಡಿಸಿ” ಎಂದು ಹೇಳಹೊರಟು “ಬಾ… ಬಾ… ಬಾ…” ಎಂದಾಗ, ತಮ್ಮನ್ನೇ ಕರೆಯುತ್ತಿದ್ದಾಳೆಂದು ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಮುಂದೆ ನುಗ್ಗಿದ್ದರು. ನಗುವೋ ನಗು. ಅಂದಿನಿಂದ ಅಕ್ಕ ಚೀಟಿ ಓದಿ, ಬಾಟಲಿ ದಾಟಿಸಿ, ಬೆರಳಲ್ಲಿ ಎರಡು ಹೊತ್ತೋ ಮೂರು ಹೊತ್ತೋ ಎಂದು ತೋರಿಸಿ ಮುಗಿಸುತ್ತಿದ್ದಳು.

ನಾನು ಅದೇ ಆಸ್ಪತ್ರೆಯ ತೂಕದ ಕೋಣೆಯ ನರ್ಸು. ಮಗುವನ್ನು ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು ಡಾಕ್ಟರ ಕೋಣೆಗೆ ಕಳಿಸುವುದು ನನ್ನ ಕೆಲಸ. ನನ್ನ ಬಾಗಿಲಿಂದ ಅಕ್ಕನ ಕಿಟಕಿಗೆ ಹತ್ತು ಹೆಜ್ಜೆ. ಹಾಗಾಗಿ ಆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ನನ್ನದೇ ಒಂದು ತಪ್ಪೂ ಇದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಆ ವರ್ಷ ಚಳಿ ಇಳಿಯುವ ಹೊತ್ತಿಗೆ ಎದೆ ಕಟ್ಟಿದ ಮಕ್ಕಳು, ಕಿವಿ ಸೋರುವ ಮಕ್ಕಳು ತಂಡತಂಡವಾಗಿ ಬರತೊಡಗಿದರು. ನಮ್ಮ ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯರು, ಆದರೆ ಅವಸರದವರು. ಒಂದು ಬೆಳಿಗ್ಗೆಯಲ್ಲಿ ನೂರು ಮಕ್ಕಳನ್ನು ನೋಡುವವರಿಗೆ ಅವಸರವಿಲ್ಲದೆ ಹೇಗೆ? ಬ್ಯಾಕ್ಟೀರಿಯಾದ ಸೋಂಕು ಎಂದು ಖಾತ್ರಿಯಾದವರಿಗೆ ಆ್ಯಂಟಿಬಯೋಟಿಕ್ ಸಿರಪ್ಪು ಬರೆಯುತ್ತಿದ್ದರು. ಹಳೆಯ, ನಂಬಿಕೆಯ ಔಷಧಿ. ಮೂರನೆಯ ದಿನಕ್ಕೆ ಮಗು ಆಡಿಕೊಂಡಿರಬೇಕು. ಆದರೆ ಆ ಸಲ ಐದನೆಯ ದಿನ, ಆರನೆಯ ದಿನ ಅದೇ ಮಕ್ಕಳು ಅದೇ ಜ್ವರ ಹೊತ್ತು ಮರಳಿ ಬರುತ್ತಿದ್ದರು.

“ಈ ಔಷಧಿಗೆ ಕ್ರಿಮಿ ಬಗ್ತಾ ಇಲ್ಲ. ಇದಕ್ಕಿಂತ ಜೋರಿನದಕ್ಕೆ ಹೋಗಬೇಕು. ಹೊಸ ಸಿರಪ್ಪೇ ಶುರು ಮಾಡೋಣ” ಎಂದರು ಡಾಕ್ಟರು. ಮುಂದಿನ ಸಭೆಯಲ್ಲಿ ತೀರ್ಮಾನ ಎಂದಾಯಿತು. ಹೊಸ ಔಷಧಿಯ ಪೆಟ್ಟಿಗೆಗಳೂ ಬಂದು ಬೀರುವಿನಲ್ಲಿ ಕೂತವು.

ಅಷ್ಟರಲ್ಲಿ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಕಿಟಕಿಗೆ ಬಂದಳು. ಮಗುವಿನ ಅಪ್ಪ ಅಮ್ಮ ಇಬ್ಬರೂ ಇಟ್ಟಿಗೆ ಕಾರ್ಖಾನೆಯಲ್ಲಿ ದುಡಿಯುವವರು. ಪುಟ್ಟಿಯನ್ನು ನೋಡಿಕೊಳ್ಳುವುದು ಅಜ್ಜಿಯೇ. ಅಜ್ಜಿಗೆ ಬಾಯಿ ಜೋರು.

“ತಗೋ ತಾಯಿ ನಿನ್ನ ಔಷಧಿ,” ಎಂದು ಬಾಟಲಿಯನ್ನು ಕಂಡಿಯಲ್ಲಿ ಕುಕ್ಕಿದಳು. “ಐದು ದಿನ ಹೊತ್ತು ತಪ್ಪದ ಹಾಗೆ ಕುಡಿಸಿದ್ದೀನಿ. ಕಿವಿ ಸೋರೋದು ನಿಂತಿಲ್ಲ. ನೀರು ಕುಡಿಸಿದ್ರೂ ಇಷ್ಟೇ ಆಗ್ತಿತ್ತು!”

ಅಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಮಕ್ಕಳ ಈ ಔಷಧಿ ನಮ್ಮ ಕೈಗೆ ಬರುವಾಗ ನೀರಾಗಿರುವುದಿಲ್ಲ, ಬಾಟಲಿಯ ತಳದಲ್ಲಿ ಪುಡಿಯಾಗಿರುತ್ತದೆ. ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ, ಚೆನ್ನಾಗಿ ಕುಲುಕಬೇಕು. ಪ್ರತಿ ಸಲ ಕುಡಿಸುವ ಮುಂಚೆಯೂ ಕುಲುಕಬೇಕು. ಅಜ್ಜಿ ಮೊದಲ ದಿನ ಹಾಕಿದ ನೀರು ಗುರುತು ದಾಟಿ ಕುತ್ತಿಗೆಯವರೆಗೆ ಏರಿದ್ದರ ಬಿಳಿ ಕಲೆ ಬಾಟಲಿಯಲ್ಲಿತ್ತು. ತಳದಲ್ಲಿ ಬಿಳಿ ಗಟ್ಟಿ ಹಾಗೇ ಕೂತಿತ್ತು.

“ಯಾ… ಯಾವ ಚಮಚ?” ಎಂದಳು ಅಕ್ಕ. ಅವಳು ಕಿಟಕಿಯಲ್ಲಿ ಬಾಯಿ ಬಿಟ್ಟದ್ದು ಕೇಳಿ ನಾನು ಬಾಗಿಲಿಂದ ತಲೆ ಹೊರಗೆ ಹಾಕಿದೆ.

ಅಜ್ಜಿ ಕೈಚೀಲದಿಂದ ಸಣ್ಣ ಚಮಚ ತೆಗೆದಳು. ಅಕ್ಕ ಅದರಲ್ಲಿ ನೀರು ತುಂಬಿ ಅಳತೆಯ ಗಾಜಿಗೆ ಸುರಿದಳು. ಕೊಡಬೇಕಾದ ಅಳತೆಯ ಅರ್ಧವೂ ಆಗಲಿಲ್ಲ. ಅಂದರೆ ಮೊದಲೇ ನೀರಾದ ಔಷಧಿ, ಕುಲುಕದೆ ಮೇಲಿನ ತಿಳಿ ಮಾತ್ರ, ಅದರಲ್ಲೂ ಅರ್ಧ ಚಮಚ. ಅಜ್ಜಿ ಕೋಪದಲ್ಲಿ ಆಡಿದ ಮಾತೇ ನಿಜವಾಗಿತ್ತು. ಪುಟ್ಟಿ ಐದು ದಿನ ಕುಡಿದದ್ದು ಹೆಚ್ಚುಕಮ್ಮಿ ನೀರೇ. ಬಾಟಲಿ ಬರಿದಾಗುವವರೆಗೆ ಹಾಗೇ ಹೋಗಿದ್ದರೆ ತಳದ ಗಟ್ಟಿಯೆಲ್ಲ ಕೊನೆಗೆ ಒಂದೇ ಸಲ ಹೊಟ್ಟೆಗೆ ಇಳಿಯುತ್ತಿತ್ತು.

ಅಕ್ಕನ ಮುಖ ಕೆಂಪಾಯಿತು. ಅಜ್ಜಿಯ ಮೇಲಿನ ಸಿಟ್ಟಲ್ಲ. ಆ ಬಾಟಲಿಯನ್ನು ಒಂದು ಮಾತೂ ಆಡದೆ ದಾಟಿಸಿದ ಕೈ ತನ್ನದೇ ಅಲ್ಲವೇ?

ಅಂದು ಊಟದ ಬಿಡುವಿನಲ್ಲಿ ನನ್ನ ಕೋಣೆಗೆ ಬಂದು ಒಂದು ಚೀಟಿ ಬರೆದುಕೊಟ್ಟಳು. ‘ವಾಸಿಯಾಗದೆ ಮರಳಿ ಬರುವ ಪ್ರತಿ ಮಗುವಿನ ಮನೆಯವರಿಗೂ ಹೇಳು, ಬಾಟಲಿ ತರಲಿ, ಕುಡಿಸಿದ ಚಮಚವನ್ನೂ ತರಲಿ.’ ನಾನು ಹೇಳಿದೆ. ಬೈಯಬಹುದೆಂದು ಕೆಲವರು ಹೆದರಿದರು. “ಬೈಯೋದಕ್ಕೆ ಅವಳಿಗೆ ಮಾತು ಬರಬೇಕಲ್ಲ” ಎಂದು ನಾನೇ ಹಗುರಾಗಿ ಆಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹತ್ತು ದಿನದಲ್ಲಿ ನಲವತ್ತೊಂದು ಬಾಟಲಿ ಬಂದವು. ದಾಸ್ತಾನು ಕೋಣೆಯ ಮೇಜಿನ ಮೇಲೆ ಅಕ್ಕ ಅವನ್ನು ಸಾಲಾಗಿ ಜೋಡಿಸಿ, ಒಂದೊಂದರ ಮುಂದೆ ಅದರದೇ ಚಮಚ ಇಟ್ಟಳು. ಸಾರು ಬಡಿಸುವ ಸೌಟಿನ ಮರಿಯಂಥದು, ಸಕ್ಕರೆ ಡಬ್ಬಿಯದು, ಬಾಟಲಿಯ ಮುಚ್ಚಳ, ಒಂದು ಮುರಿದ ಹಿಡಿಯ ಪ್ಲಾಸ್ಟಿಕ್ ಆಟಿಕೆ. ಒಬ್ಬ ತಾಯಿ ಜ್ವರ ಇಳಿಯಿತೆಂದು ಮೂರನೆಯ ದಿನವೇ ನಿಲ್ಲಿಸಿದ್ದಳು. ಒಬ್ಬ ಅಪ್ಪ ‘ಮುಂದಿನ ಸಲಕ್ಕೆ ಬೇಕಾಗುತ್ತೆ’ ಎಂದು ಅರ್ಧ ಎತ್ತಿಟ್ಟಿದ್ದ. ಇನ್ನೊಂದು ಮನೆಯಲ್ಲಿ ಒಂದೇ ಬಾಟಲಿ ಮೂರು ಮಕ್ಕಳಿಗೆ ಹಂಚಿಹೋಗಿತ್ತು. ಮತ್ತೊಬ್ಬಳು ದೊಡ್ಡ ಲೋಟದ ಹಾಲಿಗೆ ಬೆರೆಸುತ್ತಿದ್ದಳು, ಮಗು ಮುಕ್ಕಾಲು ಲೋಟ ಬಿಡುತ್ತಿತ್ತು. ಅಕ್ಕ ಪ್ರತಿಯೊಂದನ್ನೂ ಅಳೆದು ಬರೆದಳು. ನಲವತ್ತೊಂದರಲ್ಲಿ ಸರಿಯಾದ ಅಳತೆಯ ಔಷಧಿ ಸರಿಯಾದಷ್ಟು ದಿನ ಕುಡಿದ ಮಕ್ಕಳು ಆರೇ ಆರು.

ಒಬ್ಬರೂ ಉದಾಸೀನ ಮಾಡಿದವರಲ್ಲ. ಅಜ್ಜಿ ಹೇಳಿದಂತೆ, ಕುಡಿಸಿದಷ್ಟು ದಿನ ಹೊತ್ತು ತಪ್ಪದ ಹಾಗೆ ಕುಡಿಸಿದವರೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ.

ಸಭೆಯ ದಿನ ಬಂತು. ಡಾಕ್ಟರ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಎಂಟು ಜನ. ಡಾಕ್ಟರು ಹೊಸ ಔಷಧಿಯ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದಿದ್ದರು. ಅಕ್ಕ ಎರಡು ಟ್ರೇಗಳಲ್ಲಿ ಬಾಟಲಿಗಳನ್ನೂ ಚಮಚಗಳನ್ನೂ ಹೊತ್ತು ಒಳಗೆ ಬಂದು ಕಾಗದದ ಮೇಲೆಯೇ ಇಟ್ಟಳು.

“ಏನಮ್ಮ ಇದು, ಪಾತ್ರೆ ಅಂಗಡಿ?” ಎಂದರು ಡಾಕ್ಟರು.

“ಡಾ… ಡಾ…” ಎಂದಳು ಅಕ್ಕ. ಡಾಕ್ಟರು ಗಡಿಯಾರ ನೋಡಿಕೊಂಡರು. ಪಕ್ಕದವರು ಎಂದಿನಂತೆ ಅವಳ ಮಾತು ತಾವೇ ಮುಗಿಸಲು ಬಾಯಿ ತೆರೆದರು. ಅಕ್ಕ ಕೈ ಎತ್ತಿ ತಡೆದಳು. ಅವಳು ಯಾರನ್ನಾದರೂ ತಡೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಉಗುಳು ನುಂಗಿ ಮತ್ತೆ ಶುರು ಮಾಡಿದಳು.

“ಡಾಕ್ಟ್ರೇ, ಔ… ಔಷಧಿ ಸೋತಿಲ್ಲ. ಔಷಧಿ ಮ… ಮಕ್ಕಳ ಹೊಟ್ಟೆಗೆ ಹೋಗೇ ಇಲ್ಲ. ಜೋ… ಜೋರಿನದು ಕೊಟ್ರೂ ಇದೇ ಚ… ಚಮಚದಲ್ಲೇ ಕುಡಿಸ್ತಾರೆ.”

ಅಷ್ಟು ಹೇಳಲು ಒಂದು ನಿಮಿಷವೇ ಹಿಡಿಯಿತು. ಅಕ್ಕ ತನ್ನ ಪುಸ್ತಕ ಮುಂದಿಟ್ಟಳು. ಡಾಕ್ಟರು ಹಾಳೆ ತಿರುವಿದರು. ಒಂದು ಬಾಟಲಿ ಎತ್ತಿ ತಳ ನೋಡಿದರು. ಆಮೇಲೆ ಒಂದು ಚಮಚ ಕೈಗೆ ತೆಗೆದುಕೊಂಡು ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿದರು.

“ನಮ್ಮ ಮನೇಲೂ ಇದೇ ಚಮಚ ಇದೆ,” ಎಂದರು ಕೊನೆಗೆ. “ನನ್ನ ಮಗನಿಗೆ ನಾನೂ ಇದರಲ್ಲೇ ಕುಡಿಸಿದ್ದೀನಿ.” ಪೆನ್ನು ಜೇಬಿಗೆ ಹೋಯಿತು. “ಒಂದು ತಿಂಗಳು ಸಮಯ. ಉಸಿರಿಗೆ ಒದ್ದಾಡೋ ಮಗು ಬಂದ್ರೆ ನಾನು ಕಾಯಲ್ಲ, ಭರ್ತಿ ಮಾಡ್ಕೋತೀನಿ. ಉಳಿದವರನ್ನ ನೀವು ನೋಡ್ಕೊಳ್ಳಿ. ಏನು ಬೇಕು?”

“ಮೇ… ಮೇಜು. ಕುದಿಸಿದ ನೀರು. ಸೂಜಿ ಇಲ್ಲದ ಸಿ… ಸಿರಿಂಜು. ಕೆಂಪು ಪೆನ್ನು.”

ಮರುದಿನ ಅಕ್ಕ ಸರಳಿನ ಹಿಂದಿನಿಂದ ಎದ್ದು ಹೊರಗೆ ಬಂದಳು. ಕಿಟಕಿಯ ಮುಂದೆ ಮೇಜು ಹಾಕಿ, ಮೇಜಿನ ಆಚೆ ಒಂದು ಬೆಂಚು ಎಳೆದಳು. ಮೊದಲು ಕೂತವಳು ಆ ಅಜ್ಜಿಯೇ, ಪುಟ್ಟಿಗೆ ಹೊಸ ಬಾಟಲಿ ಬೇಕಿತ್ತಲ್ಲ. ಅಕ್ಕ ಮೊದಲು ಕೇಳಿದ್ದು, ಮಗುವಿಗೆ ಹಿಂದೆ ಯಾವ ಔಷಧಿಯಿಂದಾದರೂ ಮೈಮೇಲೆ ದದ್ದು ಎದ್ದಿತ್ತಾ, ಮುಖ ಊದಿತ್ತಾ ಎಂದು. ಇಲ್ಲ ಎಂದ ಮೇಲೆ ತಾನೇ ನೀರು ಹಾಕಿ ಕುಲುಕಿದಳು. ಚೀಟಿಯ ಅಳತೆ ನೋಡಿ ಸಿರಿಂಜಿನ ಮೇಲೆ ಕೆಂಪು ಗೆರೆ ಎಳೆದಳು. ಔಷಧಿಯನ್ನು ಗೆರೆಯವರೆಗೆ ಎಳೆದು, ಪುಟ್ಟಿಯ ಕೆನ್ನೆಯ ಒಳಬದಿಗೆ ಸಿರಿಂಜಿನ ತುದಿ ಇಟ್ಟು ಸ್ವಲ್ಪ ಸ್ವಲ್ಪವೇ ಬಿಟ್ಟಳು. ಪುಟ್ಟಿ ಮುಖ ಕಿವುಚಿದಳು, ನುಂಗಿದಳು.

ಆಮೇಲೆ ಅಕ್ಕ ಮಾಡಿದ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ತನಗೆ ಉದ್ದ ಮಾತು ಆಗದೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಸಿರಿಂಜು ತೊಳೆದು, ಅಜ್ಜಿಯ ಕೈಗೆ ಕೊಟ್ಟು, “ಈಗ ನೀ… ನೀವು ಹೇಳಿ. ಮನೇಲಿ ಏನು ಮಾಡ್ತೀರಿ?” ಎಂದಳು.

ಅಜ್ಜಿ ಹೇಳತೊಡಗಿದಳು. ಕುಲುಕುತ್ತೀನಿ, ಎಳೆಯುತ್ತೀನಿ… “ಎಲ್ಲೀವರೆಗೆ?” “ಕೆಂಪು ಗೆರೆವರೆಗೆ.” “ಎಷ್ಟು ದಿನ?” “ಜ್ವರ ಹೋಗೋವರೆಗೆ.” ಅಕ್ಕ ತಲೆಯಾಡಿಸಿದಳು, ಇಲ್ಲ. “ಡಾ… ಡಾಕ್ಟ್ರು ಹೇಳಿದಷ್ಟು ದಿನ. ಏಳು.” ಒಂದು ಹಾಳೆಯಲ್ಲಿ ಏಳು ಸೂರ್ಯ, ಏಳು ಚಂದ್ರ ಬರೆದುಕೊಟ್ಟು, ಕುಡಿಸಿದಾಗಲೆಲ್ಲ ಒಂದು ಗೀಟು ಹಾಕಬೇಕೆಂದು ತೋರಿಸಿದಳು. “ಮ… ಮಿಕ್ಕಿದ್ದು?” “ಎಸೀತೀನಿ, ಪಕ್ಕದ ಮನೆಗೆ ಕೊಡಲ್ಲ.” “ಇ… ಇಲ್ಲಿಗೇ ತಂದುಕೊಡಿ. ಮೈಮೇಲೆ ದದ್ದು ಎದ್ರೆ?” “ಮುಂದಿನ ಸಲದ್ದು ಕುಡಿಸಲ್ಲ, ಆ ಕ್ಷಣವೇ ಇಲ್ಲಿಗೆ ಓಡಿ ಬರ್ತೀನಿ.” ಇನ್ನೊಂದು ಸಲ ಮೊದಲಿಂದ ಹೇಳಿಸಿದಳು. ಅಜ್ಜಿ ತಪ್ಪಿಲ್ಲದೆ ಒಪ್ಪಿಸಿದಾಗ ಅಕ್ಕ ನಕ್ಕಳು.

ಮಾತಾಡಲಾಗದವಳು ಕೇಳಿಸಿಕೊಳ್ಳುವುದನ್ನು ಕಸುಬು ಮಾಡಿಕೊಂಡಳು. ನಾವೆಲ್ಲ ಪಟಪಟನೆ ಹೇಳಿ ಕಳಿಸುತ್ತಿದ್ದೆವು, ತಾಯಂದಿರು ಹೂಂಗುಟ್ಟಿ ಹೋಗುತ್ತಿದ್ದರು. ಹೂಂ ಎಂದವರಿಗೆ ಎಷ್ಟು ತಿಳಿಯಿತು ಎಂದು ಒಂದು ದಿನವಾದರೂ ಕೇಳಿದ್ದೆವೇ?

ಸಾಲು ಉದ್ದವಾಯಿತು, ಗೊಣಗಾಟ ಶುರುವಾಯಿತು. ನಾಲ್ಕನೆಯ ದಿನ ಮೂಟೆಯಂಥ ಮೈಯ ಒಬ್ಬ ಗಂಡಸು, ಮಗುವಿನ ಮೂಗು ಸೋರುತ್ತಿದ್ದದ್ದಕ್ಕೆ ಬಂದವನು, “ಇದೇನು ಔಷಧಿ ಕೊಡೋ ಜಾಗವೋ, ಇಸ್ಕೂಲೋ?” ಎಂದು ಕೂಗಿದ.

ಹಾಳೆ ತೋರಿಸಲು ಬಂದಿದ್ದ ಅಜ್ಜಿ ಬೆಂಚಿನಿಂದಲೇ ತಿರುಗಿದಳು. “ಇಸ್ಕೂಲೇ ಕಣಪ್ಪ. ಹೋದ ಸಲ ನಾನು ಫೇಲು, ಈ ಸಲ ಪಾಸು. ನೋಡು, ನನ್ನ ಮೊಮ್ಮಗಳ ಕಿವಿ ಒಣಗಿದೆ. ನೀನೂ ಬಾಯಿ ಮುಚ್ಕೊಂಡು ಪಾಠ ಕೇಳು.”

ಸಾಲೆಲ್ಲ ಗೊಳ್ಳೆಂದಿತು. ಆ ಗಂಡಸಿನ ಸರದಿ ಬಂದಾಗ ಅವನ ಚೀಟಿಯಲ್ಲಿ ಆ್ಯಂಟಿಬಯೋಟಿಕ್ಕೇ ಇರಲಿಲ್ಲ. “ಎಲ್ಲರಿಗೂ ಕೆಂಪು ಗೆರೆ ಔಷಧಿ, ನನ್ನ ಮಗನಿಗೆ ಮಾತ್ರ ಇಲ್ವಾ?” ಎಂದು ಮತ್ತೆ ಏರಿದ. ಅಕ್ಕ ಹೇಳಿದಳು, “ಅ… ಅದೃಷ್ಟವಂತರು ನೀವು. ಇದು ಬರೀ ನೆ… ನೆಗಡಿ. ಈ ಔಷಧಿಗೆ ಇದರಲ್ಲಿ ಕೆ… ಕೆಲಸ ಇಲ್ಲ.” ಅವನು ಏನೋ ಹೇಳಹೊರಟು, ಅದೃಷ್ಟವಂತ ಎನ್ನಿಸಿಕೊಂಡ ಮೇಲೆ ಜಗಳಾಡುವುದು ಹೇಗೆಂದು ತಿಳಿಯದೆ ಮಗನನ್ನು ಎತ್ತಿಕೊಂಡು ಹೊರಟುಹೋದ.

ಈಗ ನನ್ನ ತಪ್ಪಿನ ವಿಷಯ. ಮೂರನೆಯ ವಾರದ ಒಂದು ಸೋಮವಾರ ಕೋಣೆ ತುಂಬ ಅಳುವ ಮಕ್ಕಳು. ಒಂಬತ್ತು ಕಿಲೋ ತೂಗಿದ ಮಗುವಿನ ಚೀಟಿಯಲ್ಲಿ ನಾನು ಹತ್ತೊಂಬತ್ತು ಎಂದು ಬರೆದೆ. ಡಾಕ್ಟರು ಅಂಕಿ ನೋಡಿ ಡೋಸು ಬರೆದು ಸಹಿ ಹಾಕಿದರು. ಸಹಿ ಬಿದ್ದ ಚೀಟಿಯನ್ನು ಪ್ರಶ್ನಿಸುವ ರೂಢಿ ನಮ್ಮಲ್ಲಿರಲಿಲ್ಲ. ಅಕ್ಕ ಸಿರಿಂಜಿಗೆ ಗೆರೆ ಎಳೆಯಲು ಪೆನ್ನು ಎತ್ತಿದವಳು ತಲೆಯೆತ್ತಿ ಮಗುವನ್ನು ನೋಡಿದಳು. ಇನ್ನೂ ಸರಿಯಾಗಿ ನಡೆಯಲು ಬಾರದ ಕೂಸು. ಪೆನ್ನು ಕೆಳಗಿಟ್ಟು, ಕೂಸನ್ನು ತಾನೇ ಎತ್ತಿಕೊಂಡು ನನ್ನ ಕೋಣೆಗೆ ಬಂದಳು. ಮಾತಿಲ್ಲದೆ ತೂಕದ ಯಂತ್ರದ ಮೇಲೆ ಕೂರಿಸಿದಳು. ಮುಳ್ಳು ಒಂಬತ್ತಕ್ಕೆ ನಿಂತಿತು.

ನಾನು ಚೀಟಿಯಲ್ಲಿ ನಾನೇ ಬರೆದ ಅಂಕಿಯನ್ನು ಮತ್ತೆ ಓದಿದೆ. ಆ ಆ್ಯಂಟಿಬಯೋಟಿಕ್ಕು ಎರಡು ಪಟ್ಟಾಗಿದ್ದರೆ ಮಗು ವಾಂತಿ ಭೇದಿಯಲ್ಲಿ ಬಳಲುತ್ತಿತ್ತೇನೋ. ಆದರೆ ಅದೇ ಚೀಟಿಯಲ್ಲಿ ಜ್ವರದ ಔಷಧಿಯನ್ನೂ ತೂಕದ ಲೆಕ್ಕದಲ್ಲೇ ಬರೆದಿತ್ತು. ಅದು ದಿನಕ್ಕೆ ನಾಲ್ಕು ಸಲ, ದಿನವೂ ಎರಡು ಪಟ್ಟು ಹೋಗಿದ್ದರೆ ಅಷ್ಟು ಪುಟ್ಟ ಲಿವರು ತಡೆಯುತ್ತಿತ್ತೇ?

“ಅಕ್ಕಾ, ನನ್ನಿಂದ…” ಎಂದೆ. ಮುಂದೆ ಮಾತು ಹೊರಡಲಿಲ್ಲ. ಅವಳು ನನ್ನ ಮಾತು ಮುಗಿಸಲೂ ಇಲ್ಲ, ಬೈಯಲೂ ಇಲ್ಲ. ನಾನೇ ಮುಗಿಸುವವರೆಗೆ ಕಾದಳು. ಕಾಯುವುದು ಎಷ್ಟು ದೊಡ್ಡ ಉಪಕಾರ ಎಂದು ಅಂದು ತಿಳಿಯಿತು. ಆಮೇಲೆ ನಾವಿಬ್ಬರೂ ಡಾಕ್ಟರ ಬಳಿ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆವು. ಅವರು ಚೀಟಿ ಹರಿದು ಹೊಸದು ಬರೆದು, “ನನ್ನ ಸಹಿಗೂ ನೀವು ಅಡ್ಡ ನಿಲ್ಲಬೇಕು. ಇನ್ನು ಮೇಲೆ ಅದೇ ನಿಯಮ” ಎಂದರು. ಅಂದಿನಿಂದ ನಾನು ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುತ್ತೇನೆ, ತಾಯಿ ಅದನ್ನು ಡಾಕ್ಟರಿಗೂ ಅಕ್ಕನಿಗೂ ಬಾಯಿಬಿಟ್ಟು ಹೇಳಬೇಕು. ಮೂರು ಕಡೆ ಒಂದೇ ಅಂಕಿ ಬಂದರೆ ಮಾತ್ರ ಗೆರೆ.

ತಿಂಗಳು ಮುಗಿಯಿತು. ಅಕ್ಕನ ಮೇಜಿನಿಂದ ಔಷಧಿ ಒಯ್ದ ಮಕ್ಕಳು ನೂರಾ ಹನ್ನೆರಡು. ವಾಸಿಯಾಗದೆ ಮರಳಿದವರು ಐದು. ಆ ಐವರೂ ಮೂರನೆಯ ದಿನಕ್ಕೇ ಬಂದಿದ್ದರು, ಏಕೆಂದರೆ ಅಷ್ಟರೊಳಗೆ ಚೇತರಿಕೆ ಕಾಣದಿದ್ದರೆ ಬರಬೇಕೆಂದು ಅವರ ತಾಯಂದಿರ ಬಾಯಲ್ಲೇ ಅಕ್ಕ ಹೇಳಿಸಿದ್ದಳು. ಅವರಿಗೆ ನಿಜಕ್ಕೂ ಬೇರೆ ಔಷಧಿ ಬೇಕಿತ್ತು, ಹೊತ್ತಿಗೆ ಸರಿಯಾಗಿ ಸಿಕ್ಕಿತು. ಐವರೂ ವಾಸಿಯಾಗಿ ಮನೆಗೆ ಹೋದರು. ಬೀರುವಿನ ಹೊಸ ಪೆಟ್ಟಿಗೆಗಳಲ್ಲಿ ಉಳಿದವು ಮುಚ್ಚಿದಂತೆಯೇ ಇದ್ದವು.

ಸುದ್ದಿ ಮೇಲಿನವರಿಗೆ ಮುಟ್ಟಿತು. ಸುತ್ತಲಿನ ಆಸ್ಪತ್ರೆಗಳ ಔಷಧಿ ಕಿಟಕಿಯವರನ್ನೆಲ್ಲ ಒಂದು ಸಭಾಂಗಣದಲ್ಲಿ ಸೇರಿಸಿ, ಅಕ್ಕನೇ ಬಂದು ಹೇಳಿಕೊಡಬೇಕೆಂದು ಪತ್ರ ಬಂತು. ಅಕ್ಕ ಪತ್ರ ಓದಿ ನನ್ನ ಕೈಗಿಟ್ಟು, “ನೀ… ನೀನು ಹೋಗು” ಎಂದಳು. ನಾನು ಒಲ್ಲೆ ಎಂದೆ. ಡಾಕ್ಟರು ತಾವೂ ಹೋಗುವುದಿಲ್ಲವೆಂದು ಕೈ ಕಟ್ಟಿ ಕೂತರು. ಕೊನೆಗೆ ಅಕ್ಕನ ದೊಡ್ಡ ಮಗಳು, “ಅಮ್ಮಾ, ನಮ್ಮನ್ನ ಬೈಯೋ ಹಾಗೇ ಅವರನ್ನೂ ಬೈದು ಬಾ” ಎಂದಳಂತೆ.

ಬಸ್ಸು ಓಡಿಸುವ ಗಂಡ ರಜೆ ಹಾಕಿ, ಅಂದು ಪ್ರಯಾಣಿಕನಾಗಿ ಪಕ್ಕದಲ್ಲಿ ಕೂತು ಬಂದ. ನಾನೂ ಹೋಗಿದ್ದೆ. ಇನ್ನೂರು ಕುರ್ಚಿ, ಅಷ್ಟೂ ಭರ್ತಿ. ಅಕ್ಕ ಮೈಕಿನ ಮುಂದೆ ನಿಂತಳು. “ನ… ನ… ನ…” ಎಲ್ಲೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಅಕ್ಕ ನಿಲ್ಲಿಸಲಿಲ್ಲ. “ನ… ನಮಸ್ಕಾರ. ನನಗೆ ಉಗ್ಗು. ನಿ… ನಿಧಾನ ಆಗುತ್ತೆ. ನೀವು ಕಾ… ಕಾಯ್ಬೇಕು.” ಹೇಳಿದ್ದು ಅಷ್ಟೇ. ಸಭೆ ಕಾಯಿತು.

ನಲವತ್ತು ನಿಮಿಷ ಮಾತಾಡಿದಳು. ನಲವತ್ತೊಂದು ಬಾಟಲಿಗಳ ಕಥೆ ಹೇಳಿದಳು, ಅಜ್ಜಿಯ ಮಾತಿಗೆ ಸಭೆಯನ್ನು ನಗಿಸಿದಳು, ಒಂಬತ್ತು ಕಿಲೋ ಕೂಸಿನ ಮಾತು ಬಂದಾಗ ನನ್ನ ಸುಳಿವೂ ಕೊಡದೆ ‘ನಮ್ಮ ತಪ್ಪು’ ಎಂದಳು. ಆಮೇಲೆ ಮುಂದಿನ ಸಾಲಿನಲ್ಲಿದ್ದ ನರೆಗೂದಲಿನ ಹಿರಿಯರೊಬ್ಬರನ್ನು ವೇದಿಕೆಗೆ ಕರೆದಳು. ಮೂವತ್ತು ವರ್ಷ ಔಷಧಿ ಕೊಟ್ಟವರಂತೆ. ಕೈಗೆ ಪುಡಿಯ ಬಾಟಲಿ, ನೀರು, ಸಿರಿಂಜು ಕೊಟ್ಟು ತಾನು ತಾಯಿಯಂತೆ ಎದುರು ಕೂತಳು. ಅವರು ಗಂಟಲು ಸರಿಮಾಡಿಕೊಂಡು ಸರಾಗವಾಗಿ ಒಪ್ಪಿಸಿದರು, ಒಂದು ತೊದಲಿಲ್ಲ. ಮುಗಿಸಿ ಹೆಮ್ಮೆಯಿಂದ ನೋಡಿದರು.

“ಕು… ಕುಲುಕಲೇ ಇಲ್ಲವಲ್ಲ ನೀವು,” ಎಂದಳು ಅಕ್ಕ. “ಇ… ಇನ್ನೊಂದ್ಸಲ.”

ಆ ಹಿರಿಯರು ಬಾಟಲಿಯ ತಳ ನೋಡಿಕೊಂಡರು, ಪುಡಿ ಗಟ್ಟಿಯಾಗಿ ಕೂತಿತ್ತು. ಜೋರಾಗಿ ನಕ್ಕು, ಎರಡೂ ಕೈಯಲ್ಲಿ ಹಿಡಿದು ಕುಲುಕತೊಡಗಿದರು. ಇಡೀ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆ ಮುಗಿಯುವ ಮೊದಲೇ ಜನ ಕುರ್ಚಿ ಸರಿಸಿ ವೇದಿಕೆಯತ್ತ ನಡೆದರು. ತಮ್ಮನ್ನೂ ಪರೀಕ್ಷೆ ಮಾಡಬೇಕೆಂದು ಅವರು ನಿಂತ ಸಾಲು ಬಾಗಿಲವರೆಗೂ ಬೆಳೆಯಿತು. ಅಕ್ಕ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಕೊನೆಯವರೆಗೂ ಕೇಳಿಸಿಕೊಂಡಳು.